ಬೀದಿಬದಿಯ ತಿಂಡಿ: ಮಧ್ಯಾಹ್ನದ ಊಟಕ್ಕೆ ತಕ್ಕುದೇ?

ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ಗುಮಾಸ್ತರು, ಕಟ್ಟಡದ ಕೆಲಸಗಾರರು, ವಿದ್ಯಾರ್ಥಿಗಳು ತಳ್ಳುಗಾಡಿಯ ಸುತ್ತ ನೆರೆಯುತ್ತಾರೆ. ಅರ್ಧ ಗಂಟೆಯ ಬಿಡುವಿನಲ್ಲಿ, ಅಲ್ಪ ವೆಚ್ಚದಲ್ಲಿ ಅವರ ಹಸಿವು ಹಿಂಗಬೇಕು. ಮನೆಯ ಹಿರಿಯರಾದರೋ, ಬೀದಿಯ ತಿಂಡಿಯೆಂದರೆ ರೋಗದ ತವರೆಂದು ಎಚ್ಚರಿಸುತ್ತಲೇ ಇರುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ನಾವು ವಿಚಾರಿಸಿ ನೋಡೋಣ.

ರೋಗಕಾರಕ ಬ್ಯಾಕ್ಟೀರಿಯಗಳಿಗೆ ಬೀದಿಯೂ ಒಂದೇ, ಅರಮನೆಯೂ ಒಂದೇ. ಅವಕ್ಕೆ ಬೇಕಾದುವು ತೇವ, ಪೋಷಣೆ, ಹದವಾದ ಉಷ್ಣತೆ ಮತ್ತು ಕಾಲಾವಕಾಶ. ಸುಮಾರು 5ರಿಂದ 60 ಡಿಗ್ರಿ ಸೆಂಟಿಗ್ರೇಡ್ ವರೆಗಿನ ವಲಯದಲ್ಲಿ ಅವು ವೃದ್ಧಿಹೊಂದುತ್ತವೆ. ಅತ್ಯನುಕೂಲ ಪರಿಸ್ಥಿತಿಯಲ್ಲಿ ಕೆಲವು ಜಾತಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಎಂದರೆ ಒಂದು ಗಂಟೆಗೆ ಎಂಟರಷ್ಟು, ನಾಲ್ಕು ಗಂಟೆಗೆ 4,096ರಷ್ಟು! ಬೆಳಿಗ್ಗೆ ಒಂಬತ್ತಕ್ಕೆ ಬೇಯಿಸಿ ತೆರೆದಿಟ್ಟ ಪದಾರ್ಥವು ಒಂದು ಗಂಟೆಗೆ ನಮ್ಮ ಬಾಯಿಗೆ ಬಂದರೆ, ಈ ಗಣಿತವೇ ಅದರ ಜಾತಕ. ಬೆಂದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿಯೇ.

ಈಗ ಗಾಡಿಯ ಮೇಲಿನ ತಿಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು. ಹಬೆಯಾಡುವ ಇಡ್ಲಿ ಬಹುಮಟ್ಟಿಗೆ ನಿರಪಾಯಕರ. ನೂರು ಡಿಗ್ರಿಯ ಒಂದು ಗ್ರಾಂ ಹಬೆಯು ನೀರಾಗುವಾಗ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡುವುದರಿಂದ ಹಿಟ್ಟು ಒಳಗೂ ಹೊರಗೂ ಚೆನ್ನಾಗಿ ಬೇಯುತ್ತದೆ. ಕಣ್ಣೆದುರಿಗೇ ಕಾವಲಿಯ ಮೇಲೆ ಹುಯ್ದ ದೋಸೆಯೂ ಹಾಗೆಯೇ. ಆದರೆ ಪಕ್ಕದ ಬಟ್ಟಲಿನ ತಣ್ಣನೆಯ ಕಾಯಿಚಟ್ನಿ ಬೆಂದದ್ದಲ್ಲ; ಅದಕ್ಕೆ ಬೆರೆಸಿದ ನೀರು ಎಲ್ಲಿಯದು ಎಂಬುದೇ ಮುಖ್ಯ ಪ್ರಶ್ನೆ. ಪಾನಿಪುರಿಯ ಪಾನಿಗೂ ಇದೇ ಮಾತು ಸಲ್ಲುತ್ತದೆ. ಒಣ ಮಂಡಕ್ಕಿಯಲ್ಲಿ ತೇವವಿಲ್ಲದ ಕಾರಣ ಬ್ಯಾಕ್ಟೀರಿಯಗಳು ಬೆಳೆಯಲಾರವು. ಚುರುಮುರಿಯ ಅಪಾಯವೆಲ್ಲ ಹಸಿ ಈರುಳ್ಳಿ, ಕೊತ್ತಂಬರಿ ಮತ್ತು ಅವನ್ನು ಹೆಚ್ಚುವ ಕೈಗಳಲ್ಲಿದೆ.

ಚಿತ್ರಾನ್ನದ ವಿಷಯ ಹೆಚ್ಚು ಸೂಕ್ಷ್ಮವಾದುದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಅನ್ನ ಕುದಿಯುವಾಗಲೂ ಸಾಯದೆ ಉಳಿಯಬಲ್ಲವು. ಅನ್ನ ಉಗುರುಬೆಚ್ಚಗಾದಾಗ ಅವು ಮೊಳೆತು, ವಾಂತಿಯನ್ನುಂಟುಮಾಡುವ ವಿಷವನ್ನು ಉತ್ಪಾದಿಸಬಹುದು. ಈ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗದು. ದೊಡ್ಡ ಪಾತ್ರೆಯ ಅನ್ನದ ರಾಶಿಗೆ ಗಾತ್ರದ ಹೋಲಿಕೆಯಲ್ಲಿ ಮೇಲ್ಮೈ ಕಡಿಮೆಯಾದ್ದರಿಂದ ಅದು ಬೇಗನೆ ಆರುವುದಿಲ್ಲ. ಅಪಾಯದ ವಲಯದಲ್ಲೇ ಬಹಳ ಹೊತ್ತು ನಿಲ್ಲುತ್ತದೆ.

ಬಿಸಿಯಾದುದೆಲ್ಲ ಪುಷ್ಟಿಕರವೆಂದು ಮಾತ್ರ ಭಾವಿಸಬಾರದು. ಬೋಂಡ, ಬಜ್ಜಿಗಳನ್ನು ಕರಿಯುವ ಎಣ್ಣೆಯಲ್ಲಿ ಬ್ಯಾಕ್ಟೀರಿಯ ಉಳಿಯದು. ಆದರೆ ಒಂದು ಗ್ರಾಂ ಪಿಷ್ಟ 4 ಕಿಲೊಕ್ಯಾಲೊರಿ ಕೊಟ್ಟರೆ, ಒಂದು ಗ್ರಾಂ ಎಣ್ಣೆ 9 ಕೊಡುತ್ತದೆ. ಪದೇಪದೇ ಕಾಯಿಸಿದ ಎಣ್ಣೆಯು ಕಪ್ಪಾಗಿ ಹಾನಿಕರ ಸಂಯುಕ್ತಗಳಿಂದ ತುಂಬುತ್ತದೆ. ಇಂತಹ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರಿಂದ ನಮ್ಮ ದೇಶದಲ್ಲಿದೆ.

ಹೀಗಾಗಿ ಗಾಡಿಯ ಮುಂದೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು: ಈಗತಾನೇ ಬೆಂದದ್ದೇ? ಹಬೆಯಾಡುತ್ತಿದೆಯೇ? ನೀರು ಎಲ್ಲಿಯದು? ಎಣ್ಣೆಯ ಬಣ್ಣವೇನು? ಬಿಸಿ ಇಡ್ಲಿ, ಕುದಿಯುವ ಸಾಂಬಾರು, ಬೇಯಿಸಿದ ಕಡಲೆಯ ಉಸಲಿ, ನಾವೇ ಸುಲಿದುಕೊಳ್ಳುವ ಬಾಳೆಹಣ್ಣು—ಇವು ಅವಸರದ ಊಟಕ್ಕೆ ಯೋಗ್ಯವಾದುವು.

ಬೀದಿ ವ್ಯಾಪಾರಿಗಳ ಜೀವನೋಪಾಯಕ್ಕೆ 2014ರ ಕಾಯಿದೆ ರಕ್ಷಣೆ ಕೊಟ್ಟಿದೆ. ಆದರೆ ಗಾಡಿ ನಿಲ್ಲುವೆಡೆ ಒಂದು ನಲ್ಲಿಯನ್ನೂ ಒದಗಿಸದೆ ಶುಚಿತ್ವವನ್ನು ಬೋಧಿಸಿದರೆ ಏನು ಫಲ? ಶುದ್ಧ ನೀರು ದೊರೆತರೆ ಗಾಡಿಯ ಅಪಾಯಗಳಲ್ಲಿ ಒಂದು ದೊಡ್ಡ ಭಾಗ ತಾನಾಗಿಯೇ ಕಳೆಯುವುದು.