ನಸುಗುನ್ನಿ, ಸರ್ಪಗಂಧ ಮತ್ತು ನಡುಗುವ ಕೈ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ನಸುಗುನ್ನಿ ಬಳ್ಳಿಯ ಪರಿಚಯ ಹೇಳಬೇಕಾಗಿಲ್ಲ. ಅದರ ಕಾಯಿಯ ರೋಮ ಒಮ್ಮೆ ಮೈಗೆ ತಾಗಿದವರು ಮರೆಯುವುದುಂಟೆ? ಸರ್ಪಗಂಧವೂ ಘಟ್ಟದ ಕಾಡುಗಳ ಗಿಡವೇ. ಪಾರ್ಕಿನ್‌ಸನ್ ಕಾಯಿಲೆಯ, ಎಂದರೆ ಕೈ ನಡುಗಿ ಮೈ ಬಿಗಿಯುವ ವೃದ್ಧಾಪ್ಯದ ರೋಗದ ಕಥೆಯಲ್ಲಿ ಇವೆರಡೂ ಎದುರುಬದುರು ನಿಲ್ಲುತ್ತವೆ.

ಸರ್ಪಗಂಧದ ಬೇರನ್ನು ಉನ್ಮಾದಕ್ಕೆ ಕೊಡುವುದು ನಮ್ಮ ದೇಶದ ಹಳೆಯ ರೂಢಿ. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದು ಹುಚ್ಚಿನ ಆರ್ಭಟವನ್ನೇನೋ ಇಳಿಸಿತು. ಆದರೆ ಕೆಲವು ರೋಗಿಗಳ ಮೈ ಸೆಟೆಯಿತು, ಕೈ ನಡುಗಿತು. ಥೇಟು ಪಾರ್ಕಿನ್‌ಸನ್! ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ರೆಸರ್ಪಿನ್‌ನಿಂದ ಮಂಕಾದ ಮೊಲಗಳಿಗೆ ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಅವು ಎದ್ದು ಓಡಾಡಿದವು! ರೆಸರ್ಪಿನ್ ಮೆದುಳಿನ ಡೋಪಮಿನ್ ದಾಸ್ತಾನನ್ನು ಬರಿದು ಮಾಡುತ್ತದೆ, ಡೋಪಾ ಅದನ್ನು ಮತ್ತೆ ತುಂಬುತ್ತದೆ. ಇಂದು ಪಾರ್ಕಿನ್‌ಸನ್ನಿಗೆ ಕೊಡುವ ಎಲ್-ಡೋಪಾವನ್ನು ದಾಮೋದರನ್, ರಾಮಸ್ವಾಮಿ ಎಂಬ ನಮ್ಮವರೇ 1937ರಲ್ಲಿ ನಸುಗುನ್ನಿ ಬೀಜದಿಂದ ಪ್ರತ್ಯೇಕಿಸಿದ್ದರು. ಹಾಗೆಂದು ಬೀಜ ಕುಟ್ಟಿ ಸೇವಿಸಲು ಹೋಗಬೇಡಿ. ಹೊಟ್ಟೆಗೆ ಎಷ್ಟು ಸತ್ವ ಇಳಿಯಿತೆಂದು ಅಳೆಯುವವರಾರು?

ಇದರಿಂದ ನಿಮ್ಮ ಮನೆಗೇನು ಎನ್ನುವಿರಾ? ಪಾರ್ಕಿನ್‌ಸನ್ನಿನಲ್ಲಿ ನಡುಮೆದುಳಿನ ಕೆಲವು ಕೋಶಗಳು ನಶಿಸಿ ಡೋಪಮಿನ್ ಮೊದಲೇ ಕಡಿಮೆಯಾಗಿರುತ್ತದೆ. ವರ್ಷಗಳು ಕಳೆದಂತೆ ಕೆಲವು ಹಿರಿಯರಿಗೆ ಇಲ್ಲದ್ದು ಕಾಣತೊಡಗುತ್ತದೆ: ತೀರಿಹೋದ ತಂಗಿ ಜಗಲಿಯಲ್ಲಿ ಕುಳಿತಂತೆ, ಯಾರದೋ ಮಕ್ಕಳು ಅಂಗಳದಲ್ಲಿ ಆಡಿದಂತೆ. ಇದಕ್ಕೆ ರೋಗವೂ ಕಾರಣ, ಕೆಲವೊಮ್ಮೆ ಅದರ ಔಷಧಿಯೂ ಕಾರಣ. ಗಾಬರಿಗೊಂಡ ಮನೆಯವರು ಭ್ರಮೆ ಇಳಿಸುವ ಮಾತ್ರೆ ಕೇಳುತ್ತಾರೆ. ಹಾಲೊಪೆರಿಡಾಲ್‌ನಂಥ ಮಾತ್ರೆಗಳು ಡೋಪಮಿನ್ನಿನ ಸಂದೇಶಕ್ಕೇ ಅಡ್ಡ ಕಟ್ಟುತ್ತವೆ. ಪ್ರಸಾರವೇ ಕ್ಷೀಣವಾಗಿರುವಾಗ ರೇಡಿಯೋದ ಏರಿಯಲ್ಲನ್ನೂ ಕಿತ್ತಂತೆ! ಊರುಗೋಲು ಹಿಡಿದು ನಡೆಯುತ್ತಿದ್ದವರು ಹಾಸಿಗೆ ಹಿಡಿಯಬಹುದು. ತುತ್ತು ನುಂಗುವುದೂ ಕಷ್ಟವಾಗಬಹುದು. ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್ ಕೂಡ ಇದೇ ಜಾತಿಯದು.

ಬಲ್ಲ ವೈದ್ಯರು ಮೊದಲು ಜ್ವರವೋ ಮೂತ್ರದ ಸೋಂಕೋ ಇದೆಯೇ ಎಂದು ಹುಡುಕುತ್ತಾರೆ. ನುಂಗುತ್ತಿರುವ ಔಷಧಿಗಳಲ್ಲಿ ಕೆಲವನ್ನು ತಗ್ಗಿಸಿ ನೋಡುತ್ತಾರೆ. ಭ್ರಮೆಯ ಮಾತ್ರೆ ಬೇಕೇಬೇಕೆಂದಾದರೆ ಕ್ವೆಟಿಯಾಪಿನ್ ಅಥವಾ ಕ್ಲೊಜಾಪಿನ್ ಅಲ್ಪ ಪ್ರಮಾಣದಲ್ಲಿ ಕೊಡುವುದುಂಟು. ಇವು ಡೋಪಮಿನ್ನಿನ ಜಾಗವನ್ನು ಸಡಿಲವಾಗಿ ಹಿಡಿದು ಬೇಗ ಬಿಡುತ್ತವೆ. ಕ್ಲೊಜಾಪಿನ್ ರಕ್ತದ ಬಿಳಿಕಣಗಳನ್ನು ಇಳಿಸಬಹುದಾದ್ದರಿಂದ ಅದಕ್ಕೆ ಕ್ರಮವಾದ ರಕ್ತಪರೀಕ್ಷೆ ತಪ್ಪದು.

ಎಲ್-ಡೋಪಾ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಯಾವ ಆಸ್ಪತ್ರೆಗೆ ಹೋದರೂ ಚೀಟಿ ಬರೆಯುವ ಮುನ್ನ “ಇವರಿಗೆ ಪಾರ್ಕಿನ್‌ಸನ್ ಇದೆ” ಎಂದು ಹೇಳಿ; ಈಗಿನ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಜೊತೆಗೇ ಒಯ್ಯಿರಿ.