ಹಾಸಿಗೆ ಕಿರಿದಾದಾಗ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ಖರ್ಚುವೆಚ್ಚದ ಪ್ರಸಂಗದಲ್ಲಿ ಮಕ್ಕಳಿಗೆ ಹೇಳುವುದುಂಟು. ಆದರೆ ತೊಟ್ಟಿಲಿನ ಮಗು ಬೆಳೆದು ಆಳೆತ್ತರವಾದಾಗ ಕಾಲು ಮಡಿಸಿಕೋ ಎನ್ನುವುದು ವಿವೇಕವಲ್ಲ, ಹಾಸಿಗೆಯನ್ನೇ ಬದಲಿಸಬೇಕಾಗುತ್ತದೆ. ನಮ್ಮ ಕುಟುಂಬಗಳು ನಡೆಸುತ್ತಿರುವ ಬೇಕರಿ, ಹಾರ್ಡ್‌ವೇರ್ ಅಂಗಡಿ, ಕೇಟರಿಂಗ್, ಮುದ್ರಣಾಲಯ ಮುಂತಾದ ಉದ್ಯಮಗಳ ಲೆಕ್ಕಪತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಹತ್ತು ಮಂದಿ ಗ್ರಾಹಕರಿದ್ದಾಗ ಗಣಕಯಂತ್ರದಲ್ಲಿ ತೆರೆದ ಒಂದು ಎಕ್ಸೆಲ್ ಹಾಳೆ, ಗ್ರಾಹಕರು ಐನೂರಾದಾಗಲೂ ಅದೇ ಹಾಳೆಯಾಗಿ ಉಳಿದಿರುತ್ತದೆ. ಅದಕ್ಕೆ ಕಂಬಸಾಲುಗಳು ಸೇರಿವೆ, ಬಣ್ಣಗಳು ಸೇರಿವೆ, ‘ಹೊಸದು’, ‘ಅತಿ ಹೊಸದು’, ‘ಕೊನೆಯದು’ ಎಂಬ ಪ್ರತಿಗಳೂ ಹುಟ್ಟಿಕೊಂಡಿವೆ. ಈ ಹಾಳೆಯನ್ನು ಯಾವಾಗ, ಏಕೆ, ಹೇಗೆ ಬಿಡಬೇಕು ಎಂಬುದನ್ನು ಈ ವಾರ ವಿಚಾರಿಸೋಣ.

ಇದು ಕೇವಲ ಅನುಕೂಲತೆಯ ಪ್ರಶ್ನೆಯಲ್ಲ. 2020ರ ಅಕ್ಟೋಬರ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ನಡೆದ ಘಟನೆಯೊಂದು ಇದಕ್ಕೆ ಸಾಕ್ಷಿ. ಕೊರೊನಾ ಸೋಂಕಿತರ ಲೆಕ್ಕವನ್ನು ಆಗ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಎಂಬ ಸರಕಾರಿ ಸಂಸ್ಥೆ ನೋಡಿಕೊಳ್ಳುತ್ತಿತ್ತು. ಪ್ರಯೋಗಾಲಯಗಳಿಂದ ಬಂದ ವಿವರಗಳನ್ನು ಅದು ಎಕ್ಸೆಲ್‌ನ ಹಳೆಯ ನಮೂನೆಯ ಕಡತಗಳಿಗೆ ತುಂಬಿ ಮುಂದಕ್ಕೆ ಕಳುಹಿಸುತ್ತಿತ್ತು. ಆ ಹಳೆಯ ನಮೂನೆಯ ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಒಬ್ಬ ವ್ಯಕ್ತಿಯ ಪರೀಕ್ಷೆಗೆ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಒಂದು ಕಡತದಲ್ಲಿ ಸುಮಾರು 1,400 ಮಂದಿಯ ವಿವರ ಮಾತ್ರ ಹಿಡಿಸುತ್ತಿತ್ತು. ಉಳಿದವರ ವಿವರ ಸದ್ದಿಲ್ಲದೆ ಹೊರಗುಳಿಯಿತು. ಹೀಗೆ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ಲೆಕ್ಕದಿಂದ ಬಿಟ್ಟುಹೋದರು.

ಆ ಸೋಂಕಿತರಿಗೆ ತಮ್ಮ ಪರೀಕ್ಷೆಯ ಫಲಿತಾಂಶವೇನೋ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸಬೇಕಾದ ಸಿಬ್ಬಂದಿಗೆ ಅವರ ಹೆಸರು ಸಕಾಲದಲ್ಲಿ ತಲುಪಲಿಲ್ಲ. ಥೀಮೊ ಫೆಟ್ಸರ್ ಮತ್ತು ಥಾಮಸ್ ಗ್ರೇಬರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಈ ವಿಳಂಬದ ಪರಿಣಾಮವನ್ನು ಅಧ್ಯಯನ ಮಾಡಿ, ಇದರಿಂದ 1,25,000ಕ್ಕೂ ಅಧಿಕ ಹೆಚ್ಚುವರಿ ಸೋಂಕುಗಳೂ 1,500ಕ್ಕೂ ಅಧಿಕ ಹೆಚ್ಚುವರಿ ಮರಣಗಳೂ ಸಂಭವಿಸಿರಬಹುದೆಂದು ಅಂದಾಜಿಸಿದರು. ಆ ವ್ಯವಸ್ಥೆ ಹಳೆಯದಾಗಿದೆ, ಅದನ್ನು ಬದಲಿಸಬೇಕು ಎಂದು ಅದೇ ಬೇಸಗೆಯಲ್ಲಿ ತೀರ್ಮಾನವಾಗಿತ್ತೆಂದು ಆರೋಗ್ಯ ಸಚಿವರು ಬ್ರಿಟಿಷ್ ಸಂಸತ್ತಿಗೆ ತಿಳಿಸಿದರು. ತೀರ್ಮಾನವಾಗಿತ್ತು, ಬದಲಾವಣೆ ಇನ್ನೂ ಆಗಿರಲಿಲ್ಲ. ‘ಮುಂದಿನ ತಿಂಗಳು ನೋಡೋಣ’ ಎನ್ನುವ ಪ್ರತಿಯೊಬ್ಬ ಅಂಗಡಿಯ ಯಜಮಾನನೂ ಇದನ್ನು ಗಮನಿಸಬೇಕು.

ಹಾಗಾದರೆ ಈ ಹಾಳೆ ಕೆಟ್ಟ ವಸ್ತುವೇ? ಖಂಡಿತವಾಗಿಯೂ ಅಲ್ಲ. ಅದರ ಹುಟ್ಟಿನ ಕಥೆ ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. 1978ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್, ಕರಿಹಲಗೆಯ ಮೇಲಿನ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಉಳಿದವನ್ನೆಲ್ಲ ಅಳಿಸಿ ಪುನಃ ಬರೆಯಬೇಕಾದ ಕಷ್ಟವನ್ನು ಕಂಡರು. ಒಂದನ್ನು ಬದಲಿಸಿದರೆ ಉಳಿದವು ತಾವಾಗಿಯೇ ಬದಲಾಗುವ ಹಲಗೆಯೊಂದು ಏಕಿರಬಾರದು ಎಂದು ಯೋಚಿಸಿದರು. ಬಾಬ್ ಫ್ರಾಂಕ್‌ಸ್ಟನ್ ಅವರೊಡಗೂಡಿ ಅವರು ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಮಾರುಕಟ್ಟೆಗೆ ಬಂತು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಅದರ ದಾರಿಯಲ್ಲೇ ಬಂದವು. ಅಂದರೆ ಹಾಳೆಯು ಹುಟ್ಟಿದ್ದು ಲೆಕ್ಕ ಮಾಡುವುದಕ್ಕೆ, ‘ಹೀಗಾದರೆ ಹೇಗೆ’ ಎಂದು ಅಂದಾಜು ನೋಡುವುದಕ್ಕೆ. ಸಾವಿರಾರು ಜನರ ವಿವರಗಳನ್ನು ವರ್ಷಗಟ್ಟಲೆ ಕಾಪಾಡುವುದಕ್ಕಲ್ಲ.

ಹೀಗೆ ಕಾಪಾಡುವ ಕೆಲಸಕ್ಕೆಂದೇ ಬೇರೊಂದು ಸಾಧನವಿದೆ. ಅದನ್ನು ಡೇಟಾಬೇಸ್ ಎನ್ನುತ್ತಾರೆ. ಇಂದು ಬಳಕೆಯಲ್ಲಿರುವ ಬಹುಪಾಲು ಡೇಟಾಬೇಸ್‌ಗಳ ತಳಹದಿಯನ್ನು ಹಾಕಿದವರು ಇಂಗ್ಲೆಂಡಿನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿ, ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ದುಡಿದ ಎಡ್ಗರ್ ಕಾಡ್. 1970ರಲ್ಲಿ ಪ್ರಕಟವಾದ ಅವರ ಪ್ರಬಂಧವು ಗಣಸಿದ್ಧಾಂತ ಮತ್ತು ತರ್ಕಶಾಸ್ತ್ರಗಳ ಆಧಾರದ ಮೇಲೆ ದಾಖಲೆಗಳನ್ನು ಜೋಡಿಸುವ ರೀತಿಯನ್ನು ತೋರಿಸಿಕೊಟ್ಟಿತು. 1981ರಲ್ಲಿ ಅವರಿಗೆ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ದೊರಕಿತು.

ಕಾಡ್ ಅವರ ವಿಚಾರದ ಸಾರವನ್ನು ಸರಳವಾಗಿ ಹೇಳುವುದಾದರೆ, ಒಂದು ಸಂಗತಿ ಒಂದೇ ಸ್ಥಳದಲ್ಲಿರಬೇಕು. ಉಳಿದೆಡೆ ಅದರ ಕಡೆಗೆ ಬೆರಳು ತೋರಿಸಿದರೆ ಸಾಕು. ನಮ್ಮ ಓದುಗರಿಗೆ ಇದು ತೀರ ಹೊಸದಲ್ಲ. ಚರ್ಚಿನ ದಾಖಲೆಗಳಲ್ಲಿ ಒಬ್ಬ ವ್ಯಕ್ತಿಯ ಜ್ಞಾನಸ್ನಾನದ ನಮೂದು ಒಂದೇ ಪುಸ್ತಕದಲ್ಲಿ ಒಂದೇ ಕಡೆ ಇರುತ್ತದೆ. ಆತನ ಮದುವೆ ಬೇರೆ ಊರಿನಲ್ಲಿ ನಡೆದರೂ ಅಲ್ಲಿಂದ ಬಂದ ಸೂಚನೆಯನ್ನು ಆ ಮೂಲ ನಮೂದಿನ ಬದಿಯಲ್ಲೇ ಗುರುತಿಸಬೇಕೆಂದು ಚರ್ಚಿನ ಕಾನೂನು ವಿಧಿಸುತ್ತದೆ. ಮದುವೆಯ ಮೊದಲು ಹೊಸದಾಗಿ ತೆಗೆದ ಜ್ಞಾನಸ್ನಾನದ ಪತ್ರವನ್ನು ಕೇಳುವುದೂ ಈ ಕಾರಣದಿಂದಲೇ. ಡೇಟಾಬೇಸ್ ಮಾಡುವುದೂ ಇದೇ ಕೆಲಸವನ್ನು, ಆದರೆ ಕ್ಷಣಾರ್ಧದಲ್ಲಿ.

ಒಂದು ಬೇಕರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಅರುವತ್ತು ಅಂಗಡಿಗಳಿಗೆ ದಿನಾಲೂ ಬ್ರೆಡ್ಡು, ಬನ್ನು ಒದಗಿಸುತ್ತದೆ ಎಂದಿಟ್ಟುಕೊಳ್ಳಿ. ಎಕ್ಸೆಲ್ ಹಾಳೆಯಲ್ಲಿ ಪ್ರತಿ ದಿನದ ಸಾಲಿನಲ್ಲೂ ಅಂಗಡಿಯವರ ಹೆಸರು, ವಿಳಾಸ, ಫೋನ್ ಸಂಖ್ಯೆ, ಸರಕಿನ ಹೆಸರು, ದರ ಇವೆಲ್ಲ ಮತ್ತೆ ಮತ್ತೆ ಬರುತ್ತವೆ. ಒಮ್ಮೆ ‘ಪೀಟರ್ ಡಿಸೋಜ’, ಒಮ್ಮೆ ‘ಪಿ. ಡಿಸೋಜ’, ಮತ್ತೊಮ್ಮೆ ‘ಪೀಟರ್ ಡಿಸೋಜಾ’ ಎಂದು ಬರೆದರೆ ಗಣಕಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳು. ತಿಂಗಳ ಕೊನೆಯಲ್ಲಿ ಅವರಿಂದ ಬರಬೇಕಾದ ಉದ್ರಿ ಹಣ ಮೂರು ತುಂಡಾಗುತ್ತದೆ. ಒಂದು ತುಂಡಿಗೆ ಮಾತ್ರ ಬಿಲ್ಲು ಹೋಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ವರಿರುವುದು ನಮ್ಮ ಸಮುದಾಯದಲ್ಲಿ ಅಪರೂಪವೇನಲ್ಲ. ಆಗ ಒಬ್ಬರ ಬಾಕಿ ಇನ್ನೊಬ್ಬರ ತಲೆಗೆ ಬರುತ್ತದೆ. ಕೊಡಬೇಕಾದವರು ಕೊಡದೆ ಉಳಿಯುತ್ತಾರೆ, ಕೊಟ್ಟವರು ಮತ್ತೆ ಕೇಳಿಸಿಕೊಂಡು ನೊಂದುಕೊಳ್ಳುತ್ತಾರೆ. ಇಪ್ಪತ್ತು ವರ್ಷಗಳ ವಿಶ್ವಾಸ ಒಂದು ಕಾಗುಣಿತದಿಂದ ಕೆಡುತ್ತದೆ.

ತತ್ತ್ವಶಾಸ್ತ್ರದಲ್ಲಿ ಅರಿಸ್ಟಾಟಲನು ವಸ್ತುವನ್ನೂ ಅದಕ್ಕೆ ಅಂಟಿಕೊಂಡ ಗುಣಗಳನ್ನೂ ಬೇರ್ಪಡಿಸಿ ವಿಚಾರಿಸಿದನು. ವಿಳಾಸ ಬದಲಾಗಬಹುದು, ಫೋನ್ ಬದಲಾಗಬಹುದು, ಹೆಸರಿನ ಬರವಣಿಗೆಯೂ ಬದಲಾಗಬಹುದು. ವ್ಯಕ್ತಿ ಅದೇ ವ್ಯಕ್ತಿ. ಡೇಟಾಬೇಸ್ ಈ ವಿವೇಕವನ್ನು ಯಂತ್ರಕ್ಕೆ ಕಲಿಸುತ್ತದೆ. ಪ್ರತಿ ಗ್ರಾಹಕನಿಗೆ ಎಂದೂ ಬದಲಾಗದ ಒಂದು ಸಂಖ್ಯೆ ಕೊಡಲಾಗುತ್ತದೆ. ಹೆಸರು ಮತ್ತು ವಿಳಾಸ ಗ್ರಾಹಕರ ಪಟ್ಟಿಯಲ್ಲಿ ಒಮ್ಮೆ ಮಾತ್ರ ಇರುತ್ತವೆ. ಬಿಲ್ಲಿನಲ್ಲಿ ಇರುವುದು ಆ ಸಂಖ್ಯೆ ಮಾತ್ರ. ಅಂಗಡಿಯವರು ಬೇರೆ ಬೀದಿಗೆ ಹೋದರೆ ಒಂದೇ ಕಡೆ ತಿದ್ದಿದರಾಯಿತು.

ಇನ್ನೂ ಕೆಲವು ಗುಣಗಳನ್ನು ಇಲ್ಲಿ ಹೇಳಬೇಕು. ದಿನಾಂಕದ ಸ್ಥಳದಲ್ಲಿ ದಿನಾಂಕವಲ್ಲದೆ ಬೇರೇನನ್ನೂ ಸ್ವೀಕರಿಸದಂತೆ, ಬಾಕಿ ಇರುವ ಗ್ರಾಹಕನ ಹೆಸರನ್ನು ಅಳಿಸಲು ಬಿಡದಂತೆ ಡೇಟಾಬೇಸ್‌ಗೆ ನಿಯಮ ವಿಧಿಸಬಹುದು. ಇಬ್ಬರು ಗುಮಾಸ್ತರು ಏಕಕಾಲದಲ್ಲಿ ಕೆಲಸ ಮಾಡಿದರೂ ಒಬ್ಬರದು ಇನ್ನೊಬ್ಬರದನ್ನು ಅಳಿಸಿಹಾಕದಂತೆ ಅದು ನೋಡಿಕೊಳ್ಳುತ್ತದೆ. ಒಂದು ಖಾತೆಯಿಂದ ಹಣ ತೆಗೆದು ಇನ್ನೊಂದಕ್ಕೆ ಸೇರಿಸುವಾಗ ನಡುವೆ ವಿದ್ಯುತ್ ಹೋದರೆ, ಎರಡೂ ನಡೆಯುತ್ತವೆ ಇಲ್ಲವೇ ಎರಡೂ ನಡೆಯುವುದಿಲ್ಲ, ಅರ್ಧಕ್ಕೆ ನಿಲ್ಲುವುದಿಲ್ಲ. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದನ್ನೂ ದಾಖಲಿಸಿಡಬಹುದು. ನಮ್ಮ ರಾಜ್ಯದ ರೈತರಿಗೆ ಇದು ಅನುಭವದಿಂದ ಗೊತ್ತಿದೆ. ಕೈಬರಹದ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ದಾಖಲೆಗಳು ಡೇಟಾಬೇಸ್ ಸೇರಿದವು. ತಿದ್ದುಪಡಿ ಮಾಡುವ ಸಿಬ್ಬಂದಿಯ ಬೆರಳಚ್ಚನ್ನು ಪಡೆಯುವ ಏರ್ಪಾಡೂ ಅದರಲ್ಲಿತ್ತು.

ಎಕ್ಸೆಲ್ ಹಾಳೆ ಇಂತಹ ಕಾವಲು ಕಾಯುವುದಿಲ್ಲ. ಬದಲಾಗಿ ಅದು ನಮ್ಮ ಮನಸ್ಸನ್ನು ತಾನೇ ಊಹಿಸಲು ಹೊರಡುತ್ತದೆ. ಸೊನ್ನೆಯಿಂದ ಆರಂಭವಾಗುವ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಸುಮ್ಮನೆ ಬರೆದರೆ ಸೊನ್ನೆ ಮಾಯವಾಗುತ್ತದೆ. 16 ಅಂಕಿಗಳ ಸಂಖ್ಯೆಯಲ್ಲಿ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಏಕೆಂದರೆ ಅದು 15 ಅಂಕಿಗಳನ್ನು ಮಾತ್ರ ನೆನಪಿಡಬಲ್ಲುದು. ಮಾನವನ ವಂಶವಾಹಿಗಳಲ್ಲಿ ‘ಮಾರ್ಚ್ 1’, ‘ಸೆಪ್ಟ್ 1’ ಎಂಬಂತಹ ಹೆಸರಿನವು ಇದ್ದವು. ಎಕ್ಸೆಲ್ ಇವನ್ನು ದಿನಾಂಕಗಳೆಂದು ತಿಳಿದು ಬದಲಿಸುತ್ತಿತ್ತು. ಎಕ್ಸೆಲ್‌ನಲ್ಲಿ ವಂಶವಾಹಿಗಳ ಪಟ್ಟಿ ಲಗತ್ತಿಸಿದ್ದ ವೈಜ್ಞಾನಿಕ ಪ್ರಬಂಧಗಳಲ್ಲಿ ಸುಮಾರು ಐದನೆಯ ಒಂದು ಪಾಲಿನಲ್ಲಿ ಇಂತಹ ದೋಷವಿರುವುದು 2016ರಲ್ಲಿ ಬೆಳಕಿಗೆ ಬಂತು. ಕೊನೆಗೆ 2020ರಲ್ಲಿ ವಿಜ್ಞಾನಿಗಳು ವಂಶವಾಹಿಗಳ ಹೆಸರುಗಳನ್ನೇ ಬದಲಿಸಬೇಕಾಯಿತು!

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 2012ರಲ್ಲಿ ಜೆ.ಪಿ. ಮಾರ್ಗನ್ ಚೇಸ್ ಬ್ಯಾಂಕು ಲಂಡನ್ ಕಚೇರಿಯ ವಹಿವಾಟಿನಲ್ಲಿ ಸುಮಾರು 620 ಕೋಟಿ ಡಾಲರು ನಷ್ಟ ಅನುಭವಿಸಿತು. ಅಪಾಯವನ್ನು ಅಳೆಯುವ ಅದರ ಲೆಕ್ಕವು ಕೈಯಿಂದ ನಕಲು ಮಾಡಿ ಅಂಟಿಸುವ ಎಕ್ಸೆಲ್ ಹಾಳೆಗಳ ಮೇಲೆ ನಿಂತಿತ್ತೆಂದೂ, ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಿದ್ದರಿಂದ ಅಪಾಯವು ಇರುವುದಕ್ಕಿಂತ ಕಡಿಮೆಯಾಗಿ ಕಾಣಿಸಿತೆಂದೂ ಬ್ಯಾಂಕಿನ ಸ್ವಂತ ವರದಿಯೇ ಹೇಳಿತು. ನಷ್ಟಕ್ಕೆ ಕಾರಣಗಳು ಹಲವು. ಆದರೆ ಎಚ್ಚರಿಸಬೇಕಾದ ಗಂಟೆಯೇ ಮೆಲ್ಲನೆ ಬಾರಿಸಿದ್ದು ಅವುಗಳಲ್ಲೊಂದು.

‘ಹೊಸ ಎಕ್ಸೆಲ್‌ನಲ್ಲಿ ಸಾಲುಗಳು ಹೆಚ್ಚಿವೆಯಲ್ಲ?’ ಎಂದು ಕೆಲವರು ಕೇಳಬಹುದು. ನಿಜ, 2007ರಿಂದ ಅದು 10,48,576 ಸಾಲುಗಳನ್ನು ಹಿಡಿಯುತ್ತದೆ, ಹಿಂದಿನದರ ಹದಿನಾರು ಪಟ್ಟು. ಆದರೆ ಸೋರುವ ಪಾತ್ರೆಯನ್ನು ದೊಡ್ಡದು ಮಾಡಿದರೆ ಸೋರಿಕೆ ನಿಲ್ಲುವುದಿಲ್ಲ.

ಹಾಳೆಯನ್ನು ಬಿಡುವ ಕಾಲ ಬಂದಿದೆ ಎಂಬುದಕ್ಕೆ ಕೆಲವು ಲಕ್ಷಣಗಳುಂಟು. ಒಂದೇ ಹೆಸರನ್ನು ಎರಡು ಮೂರು ಕಡೆ ಬರೆಯಬೇಕಾಗುವುದು ಮೊದಲನೆಯದು. ಒಂದೇ ಕಡತದ ಹಲವು ಪ್ರತಿಗಳಿದ್ದು ಯಾವುದು ಸರಿ ಎಂದು ತಿಳಿಯದಿರುವುದು ಎರಡನೆಯದು. ಕೆಂಪು ಬಣ್ಣವೆಂದರೆ ಬಾಕಿ, ಹಳದಿಯೆಂದರೆ ಚೆಕ್ಕು ಬಂದಿದೆ ಎಂಬಂತೆ ಬಣ್ಣಗಳೇ ದಾಖಲೆಯಾಗಿರುವುದು ಮೂರನೆಯದು. ಬಣ್ಣದ ಅರ್ಥ ಬಳಿದವನ ತಲೆಯಲ್ಲಿರುತ್ತದೆಯೇ ಹೊರತು ಹಾಳೆಯಲ್ಲಲ್ಲ. ಎಲ್ಲಕ್ಕಿಂತ ಗಂಭೀರವಾದುದು ನಾಲ್ಕನೆಯದು: ಆ ಕಡತ ಮನೆಯಲ್ಲಿ ಒಬ್ಬರಿಗೆ ಮಾತ್ರ ಅರ್ಥವಾಗುವುದು. ಆ ಮಗ ಗಲ್ಫಿಗೆ ಹೊರಟುಹೋದರೆ ಅಥವಾ ಆ ತಂದೆ ಹಠಾತ್ತನೆ ಹಾಸಿಗೆ ಹಿಡಿದರೆ, ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದು ಉಳಿದವರಿಗೆ ಒಗಟಾಗುತ್ತದೆ. ಕೆಲಸಗಾರರ ಸಂಬಳದ ಮುಂಗಡ, ವಿಧವೆಯೊಬ್ಬಳ ಪಾಲಿನ ಹಣ, ತೀರಿಸಬೇಕಾದ ಸಾಲ ಇವೆಲ್ಲವೂ ಆ ಒಗಟಿನೊಳಗೆ ಸಿಲುಕುತ್ತವೆ. ಲೆಕ್ಕವೆಂದರೆ ಅಂಕಿಗಳಷ್ಟೇ ಅಲ್ಲ, ಅದು ಪರರಿಗೆ ಸಲ್ಲಬೇಕಾದುದರ ನೆನಪು.

ಬದಲಾವಣೆ ಹೇಗೆ? ಮೊದಲು ಗಣಕಯಂತ್ರವನ್ನು ಮುಚ್ಚಿ ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ವ್ಯವಹಾರದಲ್ಲಿ ಯಾವ ಯಾವ ‘ವಸ್ತು’ಗಳಿವೆ ಎಂದು ಬರೆಯಿರಿ: ಗ್ರಾಹಕರು, ಸರಕುಗಳು, ಬಿಲ್ಲುಗಳು, ಪಾವತಿಗಳು. ಪ್ರತಿಯೊಂದಕ್ಕೂ ಒಂದೊಂದು ಪಟ್ಟಿ. ಬಳಿಕ ಹಳೆಯ ಹಾಳೆಯಲ್ಲಿನ ಹೆಸರುಗಳನ್ನು ಶುದ್ಧಗೊಳಿಸಿ, ಪ್ರತಿಯೊಬ್ಬರಿಗೂ ಸಂಖ್ಯೆ ಕೊಡಿ. ಬೇಸರದ ಕೆಲಸ; ಆದರೆ ಮುಕ್ಕಾಲು ಪಾಲು ಲಾಭ ಇಲ್ಲಿಯೇ ಇದೆ.

ಸಾಧನದ ಆಯ್ಕೆಯಲ್ಲಿ ಆತುರ ಬೇಡ. ಕೇವಲ ಖಾತೆ, ಬಿಲ್ಲು, ತೆರಿಗೆಯ ಲೆಕ್ಕವಾದರೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಸಂಸ್ಥೆಯ ಟ್ಯಾಲಿಯಂತಹ ಸಿದ್ಧ ತಂತ್ರಾಂಶ ಸಾಕಾಗಬಹುದು. ವ್ಯವಹಾರಕ್ಕೆ ವಿಶೇಷ ಅಗತ್ಯಗಳಿದ್ದರೆ ಮೈಕ್ರೋಸಾಫ್ಟ್ ಆಕ್ಸೆಸ್, ಹಣ ಕೊಡದೆ ಪಡೆಯಬಹುದಾದ ಲಿಬ್ರೆ ಆಫೀಸ್ ಬೇಸ್, ಅದಕ್ಕೂ ದೊಡ್ಡ ಕೆಲಸಕ್ಕೆ ಪೋಸ್ಟ್‌ಗ್ರೆಸ್‌ನಂತಹವು ಇವೆ. ತಿಳಿದವರ ನೆರವು ಪಡೆಯಿರಿ; ಆದರೆ ಪಟ್ಟಿಗಳ ವಿನ್ಯಾಸವನ್ನು ಬರಹದಲ್ಲಿ ಪಡೆದು ಮನೆಯಲ್ಲಿಡಿ. ಇಲ್ಲವಾದರೆ ಒಬ್ಬ ಮಗನ ಮೇಲಿನ ಅವಲಂಬನೆ ಒಬ್ಬ ತಂತ್ರಜ್ಞನ ಮೇಲಿನ ಅವಲಂಬನೆಯಾಗಿ ಬದಲಾದೀತು, ಅಷ್ಟೇ.

ಹೊಸದನ್ನು ಆರಂಭಿಸಿದ ಬಳಿಕ ಒಂದು ಪೂರ್ಣ ತಿಂಗಳು ಹಳೆಯ ಹಾಳೆಯನ್ನೂ ಜೊತೆಯಲ್ಲಿ ನಡೆಸಿರಿ. ತಿಂಗಳ ಕೊನೆಯಲ್ಲಿ ಎರಡರ ಮೊತ್ತವನ್ನೂ ಹೋಲಿಸಿರಿ. ಒಂದು ರೂಪಾಯಿ ವ್ಯತ್ಯಾಸವಿದ್ದರೂ ಕಾರಣ ಹುಡುಕಿರಿ. ದೋಷ ಹಳೆಯದರಲ್ಲೇ ಇರುವ ಸಂಭವ ಕಡಿಮೆಯೇನಲ್ಲ. ಎರಡೂ ತಾಳೆಯಾದ ಮೇಲೆ ಹಳೆಯದನ್ನು ತಿದ್ದಲಾಗದಂತೆ ಬೀಗ ಹಾಕಿ ಕಾದಿರಿಸಿರಿ. ಹೊಸದರ ನಕಲನ್ನು ದಿನಾಲೂ ಬೇರೊಂದು ಸ್ಥಳದಲ್ಲಿ ಉಳಿಸಿರಿ. ಆ ನಕಲಿನಿಂದ ಲೆಕ್ಕವನ್ನು ನಿಜವಾಗಿಯೂ ಮರಳಿ ತೆರೆಯಬಹುದೇ ಎಂದು ಆಗಾಗ ಪರೀಕ್ಷಿಸಿರಿ.

ಡೇಟಾಬೇಸ್ ಬಂದೊಡನೆ ಎಲ್ಲವೂ ಸರಿಹೋಗುವುದೆಂದು ನಾವು ಹೇಳುತ್ತಿಲ್ಲ. ಐವತ್ತರ ಬದಲು ಐನೂರು ಎಂದು ಬರೆದರೆ ಅದೂ ಐನೂರೆಂದೇ ನಂಬುತ್ತದೆ. ಮಗಳ ಮದುವೆಯ ಖರ್ಚಿನ ಅಂದಾಜಿಗೆ, ಹೊಸ ಒಲೆ ಕೊಂಡರೆ ಲಾಭವೇ ನಷ್ಟವೇ ಎಂದು ನೋಡುವುದಕ್ಕೆ ಎಕ್ಸೆಲ್ ಹಾಳೆಯೇ ಇಂದಿಗೂ ಉತ್ತಮ. ಯಾವ ಸಾಧನವನ್ನು ಯಾವ ಉದ್ದೇಶಕ್ಕೆ ಬಳಸಬೇಕೆಂಬ ವಿವೇಚನೆಯೇ ಇಲ್ಲಿ ಮುಖ್ಯ. ಈ ವಾರದ ಕೊನೆಯಲ್ಲಿ ಅಂಗಡಿ ಮುಚ್ಚಿದ ಬಳಿಕ, ಮನೆಮಂದಿಯೆಲ್ಲ ಕುಳಿತು ನಿಮ್ಮ ಹಾಳೆಯನ್ನು ಒಮ್ಮೆ ತೆರೆದು ನೋಡಿರಿ. ಅದನ್ನು ಬರೆದವರು ಬಾಯಿ ಬಿಡದೆ ಸುಮ್ಮನಿರಲಿ, ಉಳಿದವರು ಓದಲಿ. ಅವರಿಗೆ ಅರ್ಥವಾಯಿತೇ ಇಲ್ಲವೇ ಎಂಬುದೇ ನಿಮ್ಮ ಉತ್ತರ.