ವಸೂಲಾಗದ ಸಾಲ ತಂದ ಬೆಳಕು

ಕಳೆದ ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಮೊಮ್ಮಗಳು ನನ್ನ ಪಕ್ಕದಲ್ಲಿ ಕೂತು ಹಳೆಯ ಕಲಾವಸ್ತುಗಳ ಚಿತ್ರಪುಸ್ತಕವೊಂದನ್ನು ತಿರುವಿ ಹಾಕುತ್ತಿದ್ದಳು. ಒಂದು ಪುಟದಲ್ಲಿ ಅವಳ ಕೈ ನಿಂತಿತು.

“ತಾತ, ಇದು ಹೂವೋ, ದೀಪವೋ?”

ಚಾವಣಿಯಿಂದ ಇಳಿಬಿದ್ದ ಕಬ್ಬಿಣದ ಬಳ್ಳಿ. ಬಳ್ಳಿಯ ತುದಿಗಳಲ್ಲಿ ಕಿತ್ತಳೆ, ಹಳದಿ, ನೇರಳೆ ಬೆರೆತ ಗಾಜಿನ ಹೂವುಗಳು, ಎಲ್ಲವೂ ಮುಖ ಕೆಳಗೆ ಮಾಡಿದ್ದವು. ನಡುವೆ ಅದೇ ಬಣ್ಣದ ದೊಡ್ಡ ಗಾಜಿನ ಬೋಗುಣಿ.

“ದೀಪವೇ ಕಣಮ್ಮ. ಫ್ರಾನ್ಸ್ ದೇಶದ್ದು. ನೂರು ವರ್ಷ ಹಳೆಯದು” ಎಂದೆ.

“ಹೂವೆಲ್ಲ ತಲೆಕೆಳಗಾಗಿದೆಯಲ್ಲ! ಎಣ್ಣೆ ಚೆಲ್ಲೋದಿಲ್ವಾ?”

ಅವಳಿಗೆ ಗೊತ್ತಿದ್ದ ತೂಗುದೀಪ ಒಂದೇ, ನಮ್ಮೂರ ದೇವಸ್ಥಾನದಲ್ಲಿ ಸರಪಳಿಗೆ ತೂಗುಹಾಕಿರುವ ನಂದಾದೀಪ. ನಾನು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ, ಆ ದೀಪಗಳ ಕಥೆ ಶುರುವಾಗುವುದೇ ಅವಳ ಪ್ರಶ್ನೆಯಿಂದ!

ಕೆಳಗೆ ನೋಡಲು ಕಲಿತ ದೀಪ

ಮಕ್ಕಳೇ, ಬೆಂಕಿಯ ಸ್ವಭಾವ ನಿಮಗೆ ಗೊತ್ತೇ ಇದೆ. ಹಣತೆಯನ್ನು ಹೇಗೆ ಹಿಡಿದರೂ ಜ್ವಾಲೆ ಮೇಲಕ್ಕೇ ಏಳುತ್ತದೆ. ಅದಕ್ಕೆ ಗಾಳಿ ಬೇಕು, ಹೊಗೆ ಹೋಗಲು ದಾರಿ ಬೇಕು. ಆದ್ದರಿಂದ ಎಣ್ಣೆ, ಮೇಣದಬತ್ತಿಗಳ ಕಾಲದಲ್ಲಿ ದೀಪಗಳ ಬಾಯಿ ಆಕಾಶದ ಕಡೆಗೇ ಇರುತ್ತಿತ್ತು.

ಅರಮನೆಗಳ ಗೊಂಚಲುದೀಪಗಳೂ ಹಾಗೆಯೇ. ಪ್ಯಾರಿಸ್ ಸಮೀಪದ ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ ಸಾಲುಸಾಲು ಗೊಂಚಲುದೀಪಗಳಿವೆ. ಮೇಣದಬತ್ತಿಯ ಬೆಳಕು ಮಂಕು. ಸುತ್ತ ಇಳಿಬಿಟ್ಟ ಹರಳುಗಳು ಅದನ್ನು ಚೂರುಚೂರು ಮಾಡಿ ನಾಲ್ಕೂ ಕಡೆಗೆ ಹರಡುತ್ತಿದ್ದವು. ಇದ್ದ ಅಷ್ಟಿಷ್ಟು ಬೆಳಕನ್ನು ಹೆಚ್ಚು ಮಾಡಿ ತೋರಿಸುವುದೇ ಆಗ ಗಾಜಿನ ಕೆಲಸ.

1879ರಲ್ಲಿ ಅಮೆರಿಕದ ಎಡಿಸನ್ ಬಹಳ ಹೊತ್ತು ಉರಿಯುವ ವಿದ್ಯುತ್ ಬಲ್ಬನ್ನು ತೋರಿಸಿದರು. 1881ರಲ್ಲಿ ಪ್ಯಾರಿಸ್ಸಿನಲ್ಲಿ ವಿದ್ಯುತ್ತಿನದೇ ಒಂದು ದೊಡ್ಡ ವಸ್ತುಪ್ರದರ್ಶನ ನಡೆಯಿತು. ಬಲ್ಬಿಗೆ ಎಣ್ಣೆ ಬೇಡ, ಗಾಳಿ ಬೇಡ, ತಲೆಕೆಳಗೆ ಮಾಡಿದರೂ ಆರುವುದಿಲ್ಲ. ದೀಪ ಮೊದಲ ಬಾರಿಗೆ ನಿರಾತಂಕವಾಗಿ ಕೆಳಗೆ ನೋಡಿತು.

ಆದರೆ ಹೊಸ ತೊಂದರೆಯೊಂದು ಬಂತು. ನಮ್ಮ ಹಳ್ಳಿಯ ಮನೆಗೆ ಕರೆಂಟು ಬಂದ ದಿನ ನನಗೆ ಇನ್ನೂ ನೆನಪಿದೆ. ನಡುಮನೆಯಲ್ಲಿ ವೈರಿಗೆ ನೇತುಹಾಕಿದ ಬರೀ ಬಲ್ಬು. ಲಾಟೀನಿನ ಬೆಳಕಿಗೆ ಒಗ್ಗಿದ್ದ ನಮ್ಮಜ್ಜಿ ಸೆರಗು ಅಡ್ಡ ಹಿಡಿದು, “ಕಣ್ಣಿಗೆ ಸೂಜಿ ಚುಚ್ಚಿದ ಹಾಗಿದೆಯಪ್ಪ, ಏನಾದರೂ ಮರೆ ಮಾಡು” ಎಂದರು. ಯುರೋಪಿನ ಮನೆಗಳಲ್ಲೂ ಇದೇ ಪಾಡು. ಬೆಳಕನ್ನು ಹೆಚ್ಚಿಸುತ್ತಿದ್ದ ಗಾಜು ಈಗ ಬೆಳಕನ್ನು ಪಳಗಿಸಬೇಕಾಗಿತ್ತು. ಆ ಕೆಲಸವನ್ನು ಚೆಂದವಾಗಿ ಮಾಡಿದ ಊರುಗಳಲ್ಲಿ ಫ್ರಾನ್ಸಿನ ಪೂರ್ವ ಗಡಿಯ ನಾನ್ಸಿ ಮುಖ್ಯವಾದದ್ದು.

ಊರು ಬಿಟ್ಟು ಬಂದ ನೋಟರಿ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಹೆಚ್ಚು ಕಾಲ ಕಳೆದದ್ದು ಸಾಲದ ಖಾತೆಗಳ ಮುಂದೆಯೇ. ವಸೂಲಾಗದ ಸಾಲ ಎಂದರೆ ನಮಗೆ ತಲೆನೋವು: ನೋಟಿಸು, ಮತ್ತೊಂದು ನೋಟಿಸು, ಕೊನೆಗೆ ಹರಾಜು. ಅದಕ್ಕೇ ಇರಬೇಕು, ನಾನ್ಸಿಯ ಈ ಕಥೆ ನನ್ನ ಮನಸ್ಸಿಗೆ ಅಂಟಿಕೊಂಡಿತು.

1870ರಲ್ಲಿ ಶುರುವಾದ ಯುದ್ಧದಲ್ಲಿ ಫ್ರಾನ್ಸ್ ಸೋತಿತು. 1871ರ ಒಪ್ಪಂದದಂತೆ ಅಲ್ಸೇಸ್ ಪ್ರಾಂತ್ಯದ ಬಹುಭಾಗವೂ ಲೊರೇನ್ ಪ್ರಾಂತ್ಯದ ಒಂದು ಭಾಗವೂ ಜರ್ಮನಿಯ ಪಾಲಾದವು. ಅಲ್ಲಿನವರ ಮುಂದೆ ಎರಡೇ ದಾರಿ. ಇದ್ದಲ್ಲೇ ಇದ್ದು ಜರ್ಮನಿಯ ಪ್ರಜೆಯಾಗಬೇಕು, ಇಲ್ಲವೇ ಹುಟ್ಟಿ ಬೆಳೆದ ನೆಲ ಬಿಟ್ಟು ಫ್ರಾನ್ಸಿಗೆ ಹೋಗಬೇಕು. ಲೊರೇನಿನ ಸಣ್ಣ ಊರೊಂದರಲ್ಲಿ ನೋಟರಿಯಾಗಿದ್ದ ಝಾನ್ ದೋಮ್ ಹೊರಟೇಬಿಟ್ಟರು. ಸಂಸಾರದೊಂದಿಗೆ ಅವರು ಬಂದು ಸೇರಿದ್ದು ಫ್ರಾನ್ಸಿನಲ್ಲೇ ಉಳಿದಿದ್ದ ನಾನ್ಸಿಗೆ. (ನಮ್ಮಲ್ಲಿ ಬಲ್ಬಿನ ಗಾಜಿಗೆ ‘ಡೂಮ್’ ಎನ್ನುತ್ತೇವಲ್ಲ, ಅದು ಇಂಗ್ಲಿಷಿನಿಂದ ಬಂದ ಮಾತು. ದೋಮ್ ಮನೆತನಕ್ಕೂ ಅದಕ್ಕೂ ನಂಟಿಲ್ಲ!)

ನಾನ್ಸಿಯಲ್ಲಿ ಅವರು ಒಂದು ಗಾಜಿನ ಕಾರ್ಖಾನೆಗೆ ಸಾಲ ಕೊಟ್ಟರು. ಗಡಿಯಾರದ ಗಾಜು, ಊಟದ ಮೇಜಿನ ಲೋಟ ತಯಾರಿಸುತ್ತಿದ್ದ ಸಾಧಾರಣ ಕಾರ್ಖಾನೆ. ಸಾಲ ವಾಪಸು ಬರಲಿಲ್ಲ. ಕೊನೆಗೆ 1878ರಲ್ಲಿ ಕಾರ್ಖಾನೆಯೇ ಅವರ ಕೈಗೆ ಬಂತು. ಗಾಜಿನ ಗಂಧವಿಲ್ಲದ ನೋಟರಿಗೆ ಉರಿಯುವ ಕುಲುಮೆ ಗಂಟುಬಿತ್ತು.

ಕಾನೂನು ಓದಿದ್ದ ಮಗ ಒಗುಸ್ತ್ ತಂದೆಯ ನೆರವಿಗೆ ಬಂದರು. 1885ರಲ್ಲಿ ತಂದೆ ತೀರಿಕೊಂಡರು. ಎರಡು ವರ್ಷದ ನಂತರ ಎಂಜಿನಿಯರಿಂಗ್ ಓದಿದ ತಮ್ಮ ಆಂತೊನಿನ್ ಬಂದು ಅಣ್ಣನ ಜೊತೆಗೂಡಿದರು. ಅಣ್ಣ ವ್ಯವಹಾರ ನೋಡಿಕೊಂಡರು. ತಮ್ಮನ ಕಣ್ಣು ಬೇರೆ ಕಡೆ ಇತ್ತು.

ಗಿಡಗಳನ್ನು ಓದಿದವರು

ಅದೇ ಊರಿನಲ್ಲಿ ಎಮಿಲ್ ಗಾಲೆ (1846–1904) ಎಂಬ ಗಾಜಿನ ಕಲಾವಿದರಿದ್ದರು. ಗಾಜಿನ ಮೇಲೆ ಎಷ್ಟು ಪ್ರೀತಿಯೋ, ಗಿಡಮರಗಳ ಮೇಲೂ ಅಷ್ಟೇ. ಸಸ್ಯಶಾಸ್ತ್ರವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದವರು. ಅವರ ಗಾಜಿನ ಮೇಲಿನ ಹೂವು ಸುಮ್ಮನೆ ‘ಒಂದು ಹೂವು’ ಅಲ್ಲ, ಇಂಥದೇ ಗಿಡದ ಹೂವು ಎಂದು ಗುರುತಿಸಬಹುದಿತ್ತು.

1889ರ ಪ್ಯಾರಿಸ್ ಪ್ರದರ್ಶನದಲ್ಲಿ ಗಾಲೆಗೆ ಸಿಕ್ಕ ಮೆಚ್ಚುಗೆ ದೋಮ್ ಸೋದರರ ಕಣ್ಣು ತೆರೆಸಿತು. 1891ರಲ್ಲಿ ಅವರು ತಮ್ಮ ಕಾರ್ಖಾನೆಯಲ್ಲಿ ಅಲಂಕಾರದ ಕೆಲಸಕ್ಕೆಂದೇ ಒಂದು ವಿಭಾಗ ತೆರೆದರು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಗಾಲೆಗೂ ದೋಮ್ ಸೋದರರಿಗೂ ಅತ್ಯುನ್ನತ ಬಹುಮಾನ ಬಂತು. ಮರುವರ್ಷ ಊರಿನ ಕಲಾವಿದರು, ಕಸುಬುದಾರರು ಸೇರಿ ‘ನಾನ್ಸಿ ಶಾಲೆ’ ಎಂಬ ಕೂಟ ಕಟ್ಟಿದರು. ಗಾಲೆಯೇ ಅದರ ಅಧ್ಯಕ್ಷರು. ಮರ ಮತ್ತು ಲೋಹದ ಕೆಲಸದಲ್ಲಿ ಹೆಸರಾದ ಲೂಯಿ ಮಜೋರೆಲ್ ದೋಮ್ ದೀಪಗಳಿಗೆ ಕಾಂಡ, ಎಲೆಗಳಂಥ ಲೋಹದ ಚೌಕಟ್ಟು ಮಾಡಿಕೊಟ್ಟರು.

ಗಾಲೆಯ ಕೊನೆಗಾಲದ ಒಂದು ದೀಪದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದು ತೂಗುದೀಪವಲ್ಲ, ಮೇಜಿನ ಮೇಲೆ ನಿಲ್ಲುವ ದೀಪ. ಮೂರು ಗಾಜಿನ ಅಣಬೆಗಳು. ಒಂದು ಆಗತಾನೇ ನೆಲದಿಂದ ಎದ್ದ ಮೊಗ್ಗು, ಒಂದು ಅರೆ ಬಿಚ್ಚಿದ ಕೊಡೆ, ಇನ್ನೊಂದು ಪೂರ್ತಿ ಅರಳಿದ್ದು. ಬಾಳಿನ ಮೂರು ಅವಸ್ಥೆಗಳು. ಮೊಮ್ಮಗಳಿಗೆ ಚಿತ್ರ ತೋರಿಸಿದೆ. “ಚಿಕ್ಕದು ನಾನು, ನಡುವಿನದು ಅಪ್ಪ, ದೊಡ್ಡದು ನೀವು” ಎಂದು ಒಂದೇ ಉಸಿರಿಗೆ ಪಾಲು ಹಂಚಿಬಿಟ್ಟಳು.

ಗಾಜಿನೊಳಗೆ ಬಣ್ಣ ಬಂದದ್ದು ಹೇಗೆ?

ಮರಳು, ಸೋಡಾ ಅಥವಾ ಪೊಟ್ಯಾಷ್, ಸುಣ್ಣ ಬೆರೆಸಿ ಕುಲುಮೆಯಲ್ಲಿ ಕರಗಿಸಿದರೆ ಗಾಜು. ಕೋಬಾಲ್ಟ್ ಸೇರಿಸಿದರೆ ನೀಲಿ, ಮ್ಯಾಂಗನೀಸ್ ಸೇರಿಸಿದರೆ ನೇರಳೆ. ಕುಶಲಕರ್ಮಿ ಉದ್ದನೆಯ ಕೊಳವೆಯ ತುದಿಯಲ್ಲಿ ಜೇನಿನಂತೆ ಜಿಗುಟಾದ ಗಾಜಿನ ಮುದ್ದೆ ಎತ್ತಿಕೊಂಡು, ಬಣ್ಣದ ಗಾಜಿನ ಪುಡಿಯ ಮೇಲೆ ಹೊರಳಿಸುತ್ತಾನೆ. ಉಂಡೆಯನ್ನು ಸಕ್ಕರೆಯಲ್ಲಿ ಹೊರಳಿಸುವ ಹಾಗೆ! ಮತ್ತೆ ಕಾಯಿಸಿ ಊದಿದಾಗ ಬಣ್ಣಗಳು ಸಂಜೆಯ ಮೋಡದಂತೆ ಒಂದರೊಳಗೊಂದು ಕರಗುತ್ತವೆ.

ಇನ್ನೊಂದು ವಿಧಾನದಲ್ಲಿ ಒಂದು ಬಣ್ಣದ ಗಾಜಿನ ಮೇಲೆ ಬೇರೆ ಬಣ್ಣದ ಗಾಜಿನ ಪದರ ಹೊದಿಸುತ್ತಾರೆ. ತಣ್ಣಗಾದ ಮೇಲೆ ಹೂವು, ಎಲೆ ಉಳಿಯಬೇಕಾದ ಕಡೆ ಟಾರಿನಂಥ ಕಪ್ಪು ಲೇಪ ಬಳಿದು, ಗಾಜನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದುತ್ತಾರೆ. ಲೇಪವಿಲ್ಲದ ಕಡೆ ಮೇಲಿನ ಪದರವನ್ನು ಆಮ್ಲ ತಿಂದುಹಾಕುತ್ತದೆ. ಲೇಪ ಬಳಿದ ಕಡೆ ಹೂವು ಉಬ್ಬಾಗಿ ಉಳಿಯುತ್ತದೆ.

ತೂಗುವ ಬೋಗುಣಿ

ಮೊದಲ ಮಹಾಯುದ್ಧದ ನಂತರ ಇಂಥ ತೂಗುದೀಪಗಳಿಗೆ ಬೇಡಿಕೆ ಹೆಚ್ಚಿತು. ನಡುವೆ ದೊಡ್ಡ ಬೋಗುಣಿ, ಸುತ್ತ ಟ್ಯೂಲಿಪ್ ಹೂವಿನಂಥ ಮೂರೋ ನಾಲ್ಕೋ ಸಣ್ಣ ಗಾಜು. ಬೋಗುಣಿಯೊಳಗಿನ ಬಲ್ಬಿನ ಬೆಳಕು ಅರ್ಧ ಚಾವಣಿಗೆ ಬಡಿದು ಮರಳುತ್ತದೆ. ಉಳಿದರ್ಧ ಬಣ್ಣದ ಗಾಜಿನಲ್ಲಿ ಸೋಸಿ ಕೆಳಗಿಳಿಯುತ್ತದೆ. ಕೂತವರಿಗೆ ಬಲ್ಬು ಕಾಣುವುದೇ ಇಲ್ಲ, ಬೆಳಕು ಮಾತ್ರ ಕಾಣುತ್ತದೆ. ಗಾಲೆಯಲ್ಲಿ ಕೆಲಸ ಮಾಡಿದ್ದ ಮುಲ್ಲರ್ ಸೋದರರು ನಾನ್ಸಿಗೆ ಹತ್ತಿರದ ಲುನೆವಿಲ್‌ನಲ್ಲಿ ಇಂಥ ದೀಪಗಳನ್ನು ಬಹಳವಾಗಿ ಮಾಡಿದರು. ನಮ್ಮ ಪುಸ್ತಕದಲ್ಲಿದ್ದದ್ದು ಈ ಬಗೆಯ ದೀಪ.

ರೆನೆ ಲಾಲಿಕ್ ಅವರ ದಾರಿ ಬೇರೆ. ಬಣ್ಣಕ್ಕಿಂತ ಮಂಜು ಕವಿದಂಥ ಬಿಳಿ ಗಾಜು ಅವರಿಗೆ ಇಷ್ಟ. 1935ರಲ್ಲಿ ಮೊದಲ ಯಾನ ಹೊರಟ ‘ನಾರ್ಮಂಡಿ’ ಹಡಗಿನ ಊಟದ ಸಭಾಂಗಣ ಸುಮಾರು 300 ಅಡಿ ಉದ್ದ, ವರ್ಸೇಲ್ಸ್‌ನ ಕನ್ನಡಿ ಸಭಾಂಗಣಕ್ಕಿಂತಲೂ ಉದ್ದ! ಹೊರಗಿನ ಬೆಳಕು ಬರಲು ಅಲ್ಲಿ ಕಿಟಕಿಯೇ ಇರಲಿಲ್ಲ. ಲಾಲಿಕ್ ಗಾಜಿನ ದೀಪಸ್ತಂಭಗಳೂ ಗೊಂಚಲುದೀಪಗಳೂ ಅದನ್ನು ಬೆಳಗಿದವು. 1942ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಆ ಹಡಗು ಬೆಂಕಿಗೆ ಸಿಕ್ಕಿ ಮಗುಚಿಕೊಂಡಿತು.

ಸಹಿ ಹಾಕದ ಕೈಗಳು

ಹಳೆಯ ದೋಮ್ ದೀಪಗಳ ಮೇಲೆ ‘ದೋಮ್ ನಾನ್ಸಿ’ ಎಂಬ ಸಹಿ ಇರುತ್ತದೆ. ಅದರ ಜೊತೆಗೆ ಎರಡು ಅಡ್ಡಗೆರೆಗಳ ಶಿಲುಬೆ, ಅದು ಲೊರೇನಿನ ಗುರುತು. ಬಿಟ್ಟುಬಂದ ನಾಡನ್ನು ಆ ಮನೆತನ ಹೀಗೆ ದೀಪಗಳ ಮೇಲೆ ಬರೆದಿಟ್ಟಿತು. ಆ ನಾಡು ಮತ್ತೆ ಫ್ರಾನ್ಸಿಗೆ ಸೇರಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಅಣ್ಣ ಒಗುಸ್ತ್ ಕೂಡ ಇರಲಿಲ್ಲ. 1909ರಲ್ಲೇ ಅವರು ತೀರಿಕೊಂಡಿದ್ದರು.

ಆದರೆ ಕುಲುಮೆಯ ಮುಂದೆ ಬೆವರು ಸುರಿಸಿದವರ, ಚರ್ಮ ಸುಡುವ ಆಮ್ಲದ ತೊಟ್ಟಿಯ ಬಳಿ ನಿಂತವರ ಹೆಸರು ದೀಪಗಳ ಮೇಲಿಲ್ಲ. ಮಕ್ಕಳೇ, ಆ ಕಾಲದ ಯುರೋಪಿನ ಗಾಜಿನ ಕಾರ್ಖಾನೆಗಳಲ್ಲಿ ನಿಮ್ಮ ವಯಸ್ಸಿನ ಹುಡುಗರೂ ದುಡಿಯುತ್ತಿದ್ದರು. ಚೆಂದದ ದೀಪ ನೋಡುವಾಗ ಅವರನ್ನೂ ಒಮ್ಮೆ ನೆನೆಯೋಣ.

ಇಂದು ಇವುಗಳಿಗೆ ದೊಡ್ಡ ಬೆಲೆ. ಬೆಲೆ ಇದ್ದಲ್ಲಿ ನಕಲಿಯೂ ಉಂಟು. ನಮ್ಮ ಬ್ಯಾಂಕಿನಲ್ಲಿ ಹೇಳುತ್ತಿದ್ದೆವು, ಸಹಿ ನೋಡಿ, ಆದರೆ ಸಹಿಯನ್ನಷ್ಟೇ ನಂಬಬೇಡಿ ಎಂದು. ಗಾಜಿಗೂ ಆ ಮಾತು ಸಲ್ಲುತ್ತದೆ. ಅಸಲಿ ದೀಪಗಳನ್ನು ನಾನ್ಸಿಯ ಲಲಿತಕಲಾ ವಸ್ತುಸಂಗ್ರಹಾಲಯದಲ್ಲೂ ‘ನಾನ್ಸಿ ಶಾಲೆ’ಯ ಸಂಗ್ರಹಾಲಯದಲ್ಲೂ ನೋಡಬಹುದು. ಮೂರು ಅಣಬೆಗಳ ದೀಪ ಇರುವುದೂ ಅಲ್ಲೇ.

ಅಷ್ಟು ದೂರ ಹೋಗಲಾರದ ನಾವು ಅಂದು ಸಂಜೆ ಮನೆಯಲ್ಲೇ ಒಂದು ಆಟ ಆಡಿದೆವು. ನೀವೂ ಮಾಡಿ ನೋಡಿ. ಗಾಳಿಪಟದ ಹಳದಿ ಹಾಳೆಯ ಮೇಲೆ ಕೆಂಪು ಹಾಳೆಯಿಂದ ಕತ್ತರಿಸಿದ ಎಲೆ ಅಂಟಿಸಿ. ಕೋಣೆಯ ದೀಪ ಆರಿಸಿ, ಹಾಳೆಯ ಹಿಂದೆ ಟಾರ್ಚ್ ಹಿಡಿಯಿರಿ. ಮೇಣದಬತ್ತಿ ಮಾತ್ರ ಬೇಡ!

ಮೊಮ್ಮಗಳು ಟಾರ್ಚ್ ಹೊತ್ತಿಸಿದಳು. ಹಳದಿ ಬೆಳಕಿನ ನಡುವೆ ಕೆಂಪು ಎಲೆ ಮಿನುಗಿತು. ಆಮೇಲೆ ಟಾರ್ಚನ್ನು ತಲೆಕೆಳಗೆ ಮಾಡಿ ನೋಡಿದಳು.

“ಎಣ್ಣೆ ಚೆಲ್ಲಲಿಲ್ಲ ತಾತ!” ಎಂದು ನಕ್ಕಳು.